ಮೂವತ್ತೊಂದು ವರ್ಷ ಟಿಕೆಟ್ ಹರಿದವನ ಪ್ರಶ್ನೆ: ಸಮಾನತೆ ಅಂದ್ರೆ ಜನ ಈಗ ಯಾಕೆ ಸಿಟ್ಟಾಗುತ್ತಾರೆ?

ಹಳೇ ಕಂಡಕ್ಟರ್, ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ನಾನು 1993ರಲ್ಲಿ ಸಾರಿಗೆ ಸಂಸ್ಥೆಗೆ ಕಂಡಕ್ಟರ್ ಆಗಿ ಸೇರಿದೆ. 2024ರಲ್ಲಿ ನಿವೃತ್ತಿ ಆಯಿತು. ಹೆಚ್ಚಿನ ಕೆಲಸ ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯ ಹಳ್ಳಿ ರೂಟಿನಲ್ಲಿ. ಅದರಲ್ಲೂ ವಸ್ತಿ ಬಸ್ ಜಾಸ್ತಿ. ರಾತ್ರಿ ಕೊನೆಯ ಟ್ರಿಪ್ ಊರು ಮುಟ್ಟಿದ ಮೇಲೆ ಅಲ್ಲೇ ಗುಡಿಯ ಕಟ್ಟೆ ಮೇಲೆ ಹಾಸಿಕೊಂಡು ಮಲಗುವುದು. ಬೆಳಿಗ್ಗೆ ಆರಕ್ಕೆ ಅದೇ ಊರಿನ ಜನರನ್ನು ತುಂಬಿಕೊಂಡು ಹುಬ್ಬಳ್ಳಿಗೆ ಬರುವುದು. ರಾತ್ರಿ ಕಟ್ಟೆಯ ಮಾತು, ಬೆಳಿಗ್ಗೆ ಬಸ್ಸಿನ ಮಾತು, ಎರಡನ್ನೂ ಕೇಳಿದ್ದೇನೆ.

ಹೋದ ತಿಂಗಳು ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಟಿವಿಯಲ್ಲಿ ಒಬ್ಬ ಸಾಹಿತಿ ಮಾತಾಡುತ್ತಿದ್ದರು. ನನ್ನ ಮಗ ಅವರಿಗೆ "ಗಂಜಿಗಿರಾಕಿ" ಅಂದ. ಸವಲತ್ತಿಗಾಗಿ ಮಾತಾಡುವವರು ಅಂತ ಸಾಹಿತಿಗಳನ್ನು ಹೀಯಾಳಿಸುವ ಪದ ಅದು. "ಸಮಾನತೆ, ಸಮಾನತೆ ಅಂತ ಬಡಕೊಂಡ ದೇಶ ಹಾಳಾತು" ಅಂದ. ಅವನಿಗೆ ಇಪ್ಪತ್ತೊಂಬತ್ತು ವರ್ಷ. ಕೆಟ್ಟ ಹುಡುಗ ಅಲ್ಲ. ಓಣಿಯಲ್ಲಿ ರಾತ್ರಿ ಯಾರಿಗೆ ಹುಷಾರಿಲ್ಲ ಅಂದರೂ ಮೊದಲು ಗಾಡಿ ತೆಗೆಯುವವನು ಅವನೇ. ಜಾತಿ ಕೇಳಿ ತೆಗೆಯುವುದಿಲ್ಲ. ಆದರೂ ಆ ಪದ ಅವನ ಬಾಯಿಗೆ ಎಷ್ಟು ಸಲೀಸಾಗಿ ಬಂತು! ನನಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ನಮ್ಮ ಕಾಲದಲ್ಲಿ ಸಮಾನತೆ ಇತ್ತು ಅಂತ ನಾನು ಹೇಳುವುದಿಲ್ಲ. ಇರಲಿಲ್ಲ. 1994ರ ಒಂದು ಬೆಳಿಗ್ಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಕುಂದಗೋಳ ತಾಲೂಕಿನ ಒಂದು ಊರು. ಹತ್ತಿ ಬಿಡಿಸುವ ಕಾಲ. ಕೇರಿಯ ಒಬ್ಬ ಅಜ್ಜ ಹುಬ್ಬಳ್ಳಿಗೆ ಟಿಕೆಟ್ ತೆಗೆಸಿದ. ತೆಗೆಸಿ, ಹಿಂದಿನ ಬಾಗಿಲ ಹತ್ತಿರ ಕಂಬ ಹಿಡಿದು ನಿಂತ. ಮೂರನೇ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. "ಅಜ್ಜಾ, ಕುಂದ್ರು ಬಾ" ಅಂದೆ. ಅಲ್ಲಿ ಕೂತಿದ್ದವರು ತಮ್ಮ ಕೈಚೀಲ ತೆಗೆದು ಆ ಜಾಗದಲ್ಲಿ ಇಟ್ಟರು. "ಅವಾ ನಿಂತ್ಕೋತಾನ ಬಿಡ್ರಿ, ರೂಢಿ ಐತಿ ಅವಂಗ" ಅಂದರು. ನಾನು ಹೊಸಬ. ಟಿಕೆಟ್ ಟ್ರೇ ಹಿಡಿದುಕೊಂಡು ಮುಂದೆ ಹೋಗಿಬಿಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆ ಆಗುತ್ತದೆ.

ನಮ್ಮ ಡ್ರೈವರ್ ಹಿರಿಯರು. ಕನ್ನಡಿಯಲ್ಲಿ ನೋಡಿದ್ದರು. ಎಂಜಿನ್ ಬಂದ್ ಮಾಡಿದರು. ತಿರುಗಿ ಕೂತು, "ಟಿಕೆಟ್ ತಗೊಂಡಾವ ಕುಂದ್ರಬೇಕು. ಕುಂತ ಮ್ಯಾಲ ಗಾಡಿ ಬಿಡ್ತೀನಿ" ಅಂದರು. ಅಷ್ಟೇ. ಭಾಷಣ ಇಲ್ಲ, ಬೈಗುಳ ಇಲ್ಲ. ಹತ್ತು ನಿಮಿಷ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಕೊನೆಗೆ, ಆವತ್ತು ಹುಬ್ಬಳ್ಳಿ ಕೋರ್ಟಿನಲ್ಲಿ ತಾರೀಕು ಇದ್ದ ಒಬ್ಬರು ಎದ್ದು ಬಂದು ಆ ಚೀಲ ಎತ್ತಿ ಅವರ ತೊಡೆ ಮೇಲೆ ಇಟ್ಟರು. "ಕುಂದ್ರೋ ಮಾರಾಯ, ನನಗ ಹೊತ್ತಾಗತೈತಿ" ಅಂದರು. ಅಜ್ಜ ಕೂತ. ಹುಬ್ಬಳ್ಳಿ ಬರುವ ತನಕ ಸೀಟಿನ ಅಂಚಿನಲ್ಲೇ ಕೂತಿದ್ದ.

ನಾನು ಹೇಳಬೇಕಾದದ್ದು ಇದು. ಆ ಬಸ್ಸಿನಲ್ಲಿ ಒಬ್ಬರೂ ಡ್ರೈವರ್ ಮಾಡಿದ್ದು ತಪ್ಪು ಅನ್ನಲಿಲ್ಲ. ಒಪ್ಪದವರೂ ತಲೆ ತಗ್ಗಿಸಿ ಕೂತಿದ್ದರು. ಅಸ್ಪೃಶ್ಯತೆ ಕೂಡದು ಅನ್ನುವ ಸಂವಿಧಾನದ 17ನೇ ವಿಧಿಯನ್ನು ಅವರು ಓದಿದ್ದವರಲ್ಲ. ಆದರೆ ತಾವು ಮಾಡುವುದು ತಪ್ಪು ಅಂತ ಒಳಗೆ ಗೊತ್ತಿತ್ತು. ಈಗ ಅದೇ ರೂಟಿನಲ್ಲಿ ಆ ಕೇರಿಯ ಹುಡುಗರು ಖಾಲಿ ಇದ್ದಲ್ಲಿ ಕೂರುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ಅಷ್ಟು ದೂರ ಬಂದಿದ್ದೇವೆ. ಆದರೆ ಪಕ್ಕದ ಸೀಟಿನಲ್ಲಿ ಕೂತವರೇ "ಇವ್ರಿಗೆಲ್ಲಾ ಜಾಸ್ತಿ ಆಗೇತಿ" ಅಂತ ಗಟ್ಟಿಯಾಗಿ ಹೇಳುತ್ತಾರೆ. ಮೊದಲು ಹೇಳಲು ನಾಚುತ್ತಿದ್ದ ಮಾತು ಅದು.

ಈ ಬದಲಾವಣೆ ನನಗೆ ಮೊದಲು ಮನಸ್ಸಿಗೆ ತಟ್ಟಿದ್ದು 2015ರಲ್ಲಿ. ಆಗಸ್ಟ್ 30, ಭಾನುವಾರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಮನೆಯಲ್ಲೇ ಗುಂಡಿಕ್ಕಿ ಕೊಂದರು. ಜೀವನ ಪೂರ್ತಿ ವಚನ, ಶಾಸನ ಅಂತ ದುಡಿದ ವಿದ್ವಾಂಸರು. ಆಗ ನಾನು ಹುಬ್ಬಳ್ಳಿ–ಧಾರವಾಡ ಬಸ್ಸಿನಲ್ಲಿದ್ದೆ. ಸೋಮವಾರ ಬಸ್ಸಿನಲ್ಲಿ ಬೇರೆ ಮಾತೇ ಇಲ್ಲ. ಒಬ್ಬರು ಮೇಡಂ ಕಿಟಕಿ ಕಡೆ ಮುಖ ಮಾಡಿ ಅಳುತ್ತಿದ್ದರು. ಅವರ ಹಿಂದಿನ ಸೀಟಿನಲ್ಲಿ ಇಬ್ಬರು "ಅಷ್ಟೆಲ್ಲಾ ಮಾತಾಡಬಾರದಿತ್ತ ಬಿಡ್ರಿ" ಅಂದರು. ಮಾತಾಡಿದ್ದಕ್ಕೆ ಮನುಷ್ಯನನ್ನು ಕೊಲ್ಲಬಹುದು ಅಂತ ಅವರು ಹೇಳಲಿಲ್ಲ. ಆದರೆ ತೂಕ ಎಲ್ಲಿ ಹಾಕಿದರು ನೋಡಿ. ಒಪ್ಪದ ಮಾತನ್ನೂ ಆಡಲು ಬಿಡಬೇಕು ಅನ್ನುವುದು ಸಮಾನತೆಯ ಜೊತೆಗೇ ಬರುವ ಮಾತು ಅಲ್ವಾ? ಅದಕ್ಕೇ ತಾನೇ ಉದಾರವಾದ ಅನ್ನುವುದು?

ಆಮೇಲೆ 2023ರ ಜೂನ್ 11. ಶಕ್ತಿ ಯೋಜನೆ ಶುರುವಾದ ದಿನ. ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್. ನನ್ನ ಸರ್ವೀಸಿನಲ್ಲಿ ಅಂಥ ರಶ್ ನೋಡಿರಲಿಲ್ಲ. ಸಿದ್ಧಾರೂಢ ಮಠಕ್ಕೆ, ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಇದ್ದರು, ನಿಜ. ಆದರೆ ದಿನಾ ಬರುತ್ತಿದ್ದವರು ಕೂಲಿಯವರು. ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಮುರಿಯಲು ಹೋಗುವ ಒಬ್ಬ ತಾಯಿ ಆಧಾರ್ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಂಡು ಬರುತ್ತಿದ್ದರು. ಮೊದಲು ಕೂಲಿಯಲ್ಲಿ ಬಸ್ಸಿಗೇ ಎಷ್ಟು ಹೋಗುತ್ತಿತ್ತು ಅಂತ ನನಗೇ ಲೆಕ್ಕ ಹೇಳಿದ್ದರು. ಅದೇ ಬಸ್ಸಿನಲ್ಲಿ ಒಬ್ಬ ಹಿರಿಯರು "ನಾ ರೊಕ್ಕ ಕೊಟ್ಟು ನಿಂತೇನಿ, ಆಕಿ ಬಿಟ್ಟಿ ಕುಂತಾಳ. ಇದ ಏನ್ರಿ ನಿಮ್ಮ ಸಮಾನತೆ?" ಅಂತ ಕೇಳಿದರು. ಅವರ ಕಾಲು ನೋಯುತ್ತಿತ್ತು. ನನಗೆ ಉತ್ತರ ಕೊಡಲು ಆಗಲಿಲ್ಲ.

ಮಗನಿಗೂ ಉತ್ತರ ಕೊಡಲು ಆಗಲಿಲ್ಲ. ನೀವು ನಿಮ್ಮ ಮನೆಯಲ್ಲಿ ಹೇಗೆ ಮಾತಾಡುತ್ತೀರಿ? ಇದು ಯಾಕೆ ಹೀಗಾಯಿತು? ದಯವಿಟ್ಟು ನಿಮ್ಮ ಅನುಭವ ಬರೆಯಿರಿ.

ಹಿರೇಕೆರೂರ ಹುಡುಗ:

ಕಾಕಾ, ನಾನು ನಿಮ್ಮ ಮಗನ ಓರಗೆಯವನೇ. ಆ ಪದ ನಾನೂ ಟೈಪ್ ಮಾಡಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ನಾಲ್ಕು ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕಾಂಪಿಟಿಟಿವ್ ಪರೀಕ್ಷೆಗೆ ಓದುತ್ತಿದ್ದೇನೆ. ಊರಲ್ಲಿ ಅಪ್ಪನದು ಎರಡು ಎಕರೆ ಗೋವಿನಜೋಳ. ಸಂವಿಧಾನದ 14ರಿಂದ 18ನೇ ವಿಧಿ ಸಮಾನತೆಯ ಹಕ್ಕು, ಮೀಸಲಾತಿಗೆ 50% ಮಿತಿ ಸುಪ್ರೀಂ ಕೋರ್ಟಿನ 1992ರ ಇಂದ್ರಾ ಸಾಹ್ನಿ ತೀರ್ಪು, ಹಿಂದುಳಿದ ವರ್ಗಗಳ ಬಗ್ಗೆ ಹಾವನೂರು ಆಯೋಗದ ವರದಿ 1975. ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ಅದು ನಮಗೆ ಒಂದು ಅಂಕದ ಪ್ರಶ್ನೆ. ಓದಿ, ಗೋಲ ತುಂಬಿ, ಮರೆಯುವುದು. ನೇಮಕಾತಿ ಕರೆಯುವುದೇ ಇಲ್ಲ. ಕರೆದರೆ ಮುಂದಕ್ಕೆ ಹೋಗುತ್ತದೆ. ವಯಸ್ಸು ಮೀರುತ್ತಾ ಬಂತು. ಆಗ ಯಾರಾದರೂ ಟಿವಿಯಲ್ಲಿ ಕೂತು ಸಮಾನತೆ ಅಂದರೆ, "ನನ್ನ ಕೈಲಿದ್ದದ್ದು ಇನ್ನೊಬ್ಬರಿಗೆ ಕೊಡು" ಅಂದ ಹಾಗೆ ಕೇಳುತ್ತದೆ. ಅವರಿಗೆ ಕೆಲಸ ಇದೆ, ಮನೆ ಇದೆ. ನಾನು ಏನು ಕೊಡಲಿ?

ಇನ್ನೊಂದು ಮಾತು. ಇದನ್ನು ಯಾರಿಗೂ ಹೇಳಿಲ್ಲ. ನಾವು ರೂಮ್ ಹುಡುಕುವಾಗ ಮಾಲೀಕರು "ಯಾರ ಪೈಕಿ?" ಅಂತ ಕೇಳಿದರು. ನಮ್ಮ ಜೊತೆ ಇದ್ದ ಒಬ್ಬ ಗೆಳೆಯ ನಿಜ ಹೇಳಿದ. "ನಾಲ್ಕು ಮಂದಿಗೆ ಜಾಗ ಸಾಲೂದಿಲ್ಲ, ಮೂರ ಮಂದಿ ಬರ್ರಿ" ಅಂದರು. ನಾವು ಮೂವರು ಹೋದೆವು. ಅವನು ಈಗ ಕೆಲಗೇರಿ ಕಡೆ ಇದ್ದಾನೆ. ಲೈಬ್ರರಿಯಲ್ಲಿ ಸಿಕ್ಕಾಗ ನಗುತ್ತಾನೆ. ನಾನು ಅವನ ಮುಖ ಸರಿಯಾಗಿ ನೋಡಲಾರೆ. ಆದರೂ ಫಲಿತಾಂಶದ ದಿನ ಮೀಸಲಾತಿಯಲ್ಲಿ ಅವನ ಕಟಾಫ್, ಅಂದರೆ ಆಯ್ಕೆಗೆ ಬೇಕಾದ ಕನಿಷ್ಠ ಅಂಕ, ನೋಡಿ ನನಗೆ ಸಿಟ್ಟು ಬರುತ್ತದೆ. ಎರಡೂ ನಿಜ, ಕಾಕಾ.

ಹಳೇ ಕಂಡಕ್ಟರ್, ಹುಬ್ಬಳ್ಳಿ:

ತಮ್ಮಾ, ಇಷ್ಟು ಬಿಚ್ಚಿ ಬರೆದೆಯಲ್ಲ, ನಿನ್ನ ಬಗ್ಗೆ ಗೌರವ ಜಾಸ್ತಿ ಆಯಿತು.

ನಿನ್ನ ಮಾತು ಓದಿ ಆ ಕಾಲುನೋವಿನ ಹಿರಿಯರು ನೆನಪಾದರು. ಬಸ್ಸಿನಲ್ಲಿ ಐವತ್ತು ಚಿಲ್ಲರೆ ಸೀಟು. ಒಳಗೆ ನೂರರ ಮೇಲೆ ಜನ. ನಿಂತವರಿಗೆ ಕಾಣುವುದು ಕೂತವರ ಮುಖ ಮಾತ್ರ. ಎರಡನೇ ಬಸ್ಸು ಯಾಕೆ ಬಿಡಲಿಲ್ಲ ಅಂತ ಯಾರೂ ನನ್ನನ್ನು ಕೇಳಲಿಲ್ಲ. ಆ ತಾಯಿಯನ್ನೇ ಬೈದರು. ಸೀಟು ಸಾಕಷ್ಟು ಇದ್ದ ದಿನ ನನ್ನ ಬಸ್ಸಿನಲ್ಲಿ ಜಗಳ ಆಗಿದ್ದೇ ಇಲ್ಲ. ನಿನ್ನ ಪರೀಕ್ಷೆಯೂ ಹಾಗೇ ಇರಬೇಕು. ಹುದ್ದೆ ತುಂಬದೆ ಇಟ್ಟವರು ನಿನಗೆ ಕಾಣುವುದಿಲ್ಲ. ಕೆಲಗೇರಿಯ ಗೆಳೆಯ ಕಾಣುತ್ತಾನೆ. ಒಂದು ಸಲ ಅವನ ರೂಮಿಗೆ ಹೋಗಿ ಬಾ. ಇದು ಕಾಕಾನ ಮಾತು ಅಂದುಕೋ.

ದುರ್ಗದಬೈಲ್ ಅಂಗಡಿ:

ಕಂಡಕ್ಟರ್ ಸಾಹೇಬ್ರೇ, ನಮಸ್ಕಾರ. ನನಗೆ ಅರವತ್ತಾರು. ನೀವು ಹೇಳಿದ ಬಸ್ಸಿನ ಕಥೆ ಓದಿ ಕಣ್ಣು ತುಂಬಿತು. ಆದರೆ ಎಲ್ಲವೂ ಸೀಟಿನ ಕೊರತೆ ಅಂತ ನಾನು ಒಪ್ಪುವುದಿಲ್ಲ. ನಂಬಿಕೆ ಹೋಗಿದ್ದೂ ಒಂದು ಕಾರಣ.

1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ನಾನು ಕಾಲೇಜಿಗೆ ಇನ್ನೂ ಹೋಗಿರಲಿಲ್ಲ. ನಮ್ಮ ಕಾಕಾ ಜೈಲಿಗೆ ಹೋದರು. ಅವರು ಬರೆದದ್ದು ಒಂದು ಕರಪತ್ರ. ಸಂವಿಧಾನದ ಪ್ರಸ್ತಾವನೆಗೆ "ಸಮಾಜವಾದಿ", "ಜಾತ್ಯತೀತ" ಅನ್ನುವ ಪದ ಸೇರಿದ್ದು ಆಗಲೇ, 1976ರ 42ನೇ ತಿದ್ದುಪಡಿಯಲ್ಲಿ. ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದ ಕಾಲದಲ್ಲಿ. ಸುಪ್ರೀಂ ಕೋರ್ಟ್ ಆ ಪದಗಳು ಇರಲಿ ಅಂತ 2024ರ ನವೆಂಬರಿನಲ್ಲಿ ಹೇಳಿದೆ. ಅದನ್ನು ನಾನು ಒಪ್ಪುತ್ತೇನೆ. ಆದರೆ ನಮ್ಮ ಮನೆಯಲ್ಲಿ ಆ ಪದಗಳ ಜೊತೆ ಕಾಕಾನ ಜೈಲೂ ನೆನಪಾಗುತ್ತದೆ.

ಆಮೇಲೆ ಶಾಬಾನು ಪ್ರಕರಣ. 1985ರಲ್ಲಿ ಸುಪ್ರೀಂ ಕೋರ್ಟ್, ಗಂಡ ತಲಾಖ್ ಕೊಟ್ಟಿದ್ದ ಒಬ್ಬ ವಯಸ್ಸಾದ ಮುಸ್ಲಿಂ ಹೆಣ್ಣುಮಗಳಿಗೆ ಜೀವನಾಂಶ ಕೊಡಿ ಅಂದಿತು. 1986ರಲ್ಲಿ ಸಂಸತ್ತು ಹೊಸ ಕಾನೂನು ಮಾಡಿ ಆ ತೀರ್ಪಿನ ಬಲ ತೆಗೆಯಿತು. ವೋಟಿಗಾಗಿ ಅಂತ ನಮ್ಮ ಬಜಾರದಲ್ಲಿ ಎಲ್ಲರೂ ಮಾತಾಡಿಕೊಂಡರು. ಹೆಣ್ಣಿನ ಹಕ್ಕು ಅಂತ ಮೊದಲು ಮಾತಾಡುತ್ತಿದ್ದ ಎಷ್ಟೋ ಜನ ಆವತ್ತು ಸುಮ್ಮನಾದರು. ಸಮಾನತೆ ಅಂದ ಮೇಲೆ ಎಲ್ಲಾ ಓಣಿಯಲ್ಲೂ ಒಂದೇ ಮಾತು ಇರಬೇಕು. ಒಂದು ಓಣಿಗೆ ಒಂದು ಮಾತು, ಇನ್ನೊಂದಕ್ಕೆ ಮೌನ ಅಂದರೆ ಜನ ಹೇಗೆ ನಂಬುತ್ತಾರೆ? ನನಗೆ ಆ ತತ್ವದ ಮೇಲೆ ಸಿಟ್ಟಿಲ್ಲ. ಅದನ್ನು ಹೇಳುತ್ತಾ ತಿರುಗಿದವರ ಮೇಲೆ ಇದೆ. ನಮ್ಮ ಮಕ್ಕಳ ಕಾಲಕ್ಕೆ ಆ ಸಿಟ್ಟು ತತ್ವದ ಮೇಲೇ ಬಿದ್ದಿದೆ. ಅದು ಆಗಬಾರದಿತ್ತು.

ರೋಣದ ಅಕ್ಕ:

ನಾನು 2015ರ ಚುನಾವಣೆಯಲ್ಲಿ ಗೆದ್ದು ಗ್ರಾಮ ಪಂಚಾಯಿತಿ ಅಧ್ಯಕ್ಷೆ ಆಗಿದ್ದವಳು. ಮಹಿಳೆಗೆ ಮೀಸಲಾದ ಸ್ಥಾನ. ಮೊದಲ ಆರು ತಿಂಗಳು ನನ್ನ ಕುರ್ಚಿಯಲ್ಲಿ ನಮ್ಮ ಮನೆಯವರು ಕೂರುತ್ತಿದ್ದರು. ನಾನು ಪಕ್ಕದ ಸ್ಟೂಲಿನ ಮೇಲೆ. ಸಹಿ ಮಾಡು ಅಂದಲ್ಲಿ ಮಾಡುತ್ತಿದ್ದೆ. ಕುಡಿಯುವ ನೀರಿನ ಒಂದು ಬಿಲ್ಲಿಗೆ ಸಹಿ ಹಾಕುವ ಮುಂಚೆ ನಾನೇ ಹೋಗಿ ನೋಡುತ್ತೇನೆ ಅಂದೆ. ಪೈಪ್ ಅಲ್ಲಿ ಇರಲೇ ಇಲ್ಲ. ಆವತ್ತಿನಿಂದ ಕುರ್ಚಿಯಲ್ಲಿ ನಾನೇ ಕೂತೆ. ಮನೆಯಲ್ಲಿ ಹದಿನೈದು ದಿನ ಮಾತಿಲ್ಲ.

ಕರ್ನಾಟಕದಲ್ಲಿ 1987ರಲ್ಲೇ ಪಂಚಾಯಿತಿಯಲ್ಲಿ ಹೆಣ್ಣುಮಕ್ಕಳಿಗೆ ಕಾಲು ಭಾಗ ಇತ್ತು. 1993ರ ಕಾಯ್ದೆಯಲ್ಲಿ ಮೂರನೇ ಒಂದು ಭಾಗ ಆಯಿತು. 2010ರಿಂದ ಅರ್ಧ. ಅರ್ಧ ಆದಾಗ ನಮ್ಮ ಊರಲ್ಲಿ ನಕ್ಕಿದ್ದರು. ಈಗ ನಗುವವರಿಲ್ಲ, ಬೈಯುವವರಿದ್ದಾರೆ. ನನಗೆ ಇದರಲ್ಲಿ ಭಯ ಕಡಿಮೆ, ಧೈರ್ಯ ಜಾಸ್ತಿ. ಸ್ಟೂಲಿನ ಮೇಲೆ ಕೂತಿದ್ದಾಗ ನನ್ನನ್ನು ಯಾರೂ ಬೈದಿರಲಿಲ್ಲ. ಕುರ್ಚಿಗೆ ಬಂದ ಮೇಲೆ ಬೈದರು. ಅಣ್ಣಾರ, ನಿಮ್ಮ ಮಗನ ಮಾತನ್ನು ಹಾಗೂ ತಿಳಿಯಬಹುದು. ಅಜ್ಜ ಸೀಟಿನ ಅಂಚಿನಲ್ಲಿ ಕೂತಿದ್ದ ತನಕ ಎಲ್ಲರಿಗೂ ಸಮಾನತೆ ಚಂದ ಇತ್ತು. ಪೂರ್ತಿ ಕೂತಾಗ ಪಕ್ಕದವರಿಗೆ ಜಾಗ ಸಣ್ಣದಾಯಿತು.

ಧಾರವಾಡದ ವಕೀಲೆ:

ಚಿಕ್ಕದಾಗಿ ಬರೆಯುತ್ತೇನೆ. ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು: ಮತ ಹಾಕುವಲ್ಲಿ ನಾವು ಸಮಾನರಾಗುತ್ತೇವೆ, ಸಮಾಜದಲ್ಲಿ ಮತ್ತು ಹಣಕಾಸಿನಲ್ಲಿ ಸಮಾನರಾಗಿರುವುದಿಲ್ಲ, ಈ ಎರಡರ ನಡುವಿನ ವಿರೋಧವನ್ನು ಬೇಗ ತೆಗೆಯಬೇಕು ಅಂತ. ಇಲ್ಲಿ ಬರೆದ ಎಲ್ಲರೂ ಆ ವಿರೋಧದ ಬಗ್ಗೆಯೇ ಬರೆದಿದ್ದೀರಿ.

ನನ್ನ ಹತ್ತಿರ ಬರುವ ಕೇಸಿನಲ್ಲಿ ಬಹಳಷ್ಟು ವಾಟ್ನಿ ಕೇಸು, ಅಂದರೆ ಆಸ್ತಿ ಪಾಲಿನ ಕೇಸು. ಹೆಣ್ಣುಮಕ್ಕಳಿಗೆ ಹಿರಿಯರ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಅಂತ ನಮ್ಮ ರಾಜ್ಯ 1994ರಲ್ಲೇ ಕಾನೂನು ಮಾಡಿತು. ಆದರೆ ಅದಕ್ಕೂ ಮೊದಲು ಮದುವೆ ಆದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟ್, ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ ಇನ್ನೂ ಸ್ಪಷ್ಟ ಮಾಡಿತು. ವೇದಿಕೆಯಲ್ಲಿ ಬಸವಣ್ಣನ ಹೆಸರು ಹೇಳುವ ಹಿರಿಯರೇ ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿದ್ದನ್ನು ನೋಡಿದ್ದೇನೆ. ಮಕ್ಕಳು ಅದನ್ನು ನೋಡಿಯೇ ಬೆಳೆಯುತ್ತಾರೆ. ಕಂಡಕ್ಟರ್ ಅವರೇ, ಬೇಜಾರು ಮಾಡಿಕೊಳ್ಳಬೇಡಿ, ಪ್ರೀತಿಯಿಂದಲೇ ಕೇಳುತ್ತೇನೆ. ನಿಮಗೆ ತಂಗಿ ಇದ್ದಾರಾ? ಅವರ ಪಾಲು ಅವರಿಗೆ ಸಿಕ್ಕಿದೆಯಾ?

ಹಳೇ ಕಂಡಕ್ಟರ್, ಹುಬ್ಬಳ್ಳಿ:

ನಾಲ್ಕು ದಿನ ಈ ಕಡೆ ಬರಲಿಲ್ಲ. ಕ್ಷಮಿಸಿ. ವಕೀಲ ಮೇಡಂ ಪ್ರಶ್ನೆ ಓದಿ ಮೊಬೈಲ್ ಮುಚ್ಚಿಟ್ಟೆ.

ಅಂಗಡಿ ಯಜಮಾನರೇ, ನಿಮ್ಮ ಕಾಕಾನ ವಿಷಯ ಬರೆದದ್ದು ಒಳ್ಳೆಯದಾಯಿತು. ನೀವು ಹೇಳಿದ್ದರಲ್ಲಿ ನ್ಯಾಯ ಇದೆ. ಸುಮ್ಮನಿದ್ದವರಲ್ಲಿ ನಾನೂ ಒಬ್ಬ ಅಂತ ಈಗ ಬರೆಯಬೇಕಾಗಿದೆ. ನಾನು ಸುಮ್ಮನಿದ್ದದ್ದು ನಮ್ಮ ಮನೆಯೊಳಗೆ.

ನನಗೆ ಒಬ್ಬ ತಂಗಿ, ಒಬ್ಬ ತಮ್ಮ. ತಂಗಿಯನ್ನು 1991ರಲ್ಲಿ ಲಕ್ಷ್ಮೇಶ್ವರದ ಹತ್ತಿರದ ಊರಿಗೆ ಕೊಟ್ಟೆವು. ಅಪ್ಪ 2008ರಲ್ಲಿ ತೀರಿಕೊಂಡರು. ಒಂಬತ್ತು ಎಕರೆ ಎರೆಹೊಲ. ಮರುವರ್ಷ ಸಬ್ ರಿಜಿಸ್ಟ್ರಾರ್ ಆಫೀಸಿಗೆ ತಂಗಿಯನ್ನು ಕರೆಸಿದೆವು. ಅವಳಿಗೆ ಒಂದು ಇಳಕಲ್ ಸೀರೆ ತಂದಿದ್ದೆವು. ಅವಳು ಪತ್ರ ಓದಲಿಲ್ಲ. "ಎಲ್ಲಿ ಮಾಡ್ಲಿ ಅಣ್ಣಾ?" ಅಂತ ಕೇಳಿ ಸಹಿ ಮಾಡಿದಳು. ಹೊರಗೆ ಬಂದ ಮೇಲೆ "ಪಂಚಮಿಗೆ ಕರಿಯೂದು ಮರೀಬ್ಯಾಡ್ರಿ" ಅಂದಳು. ನಾವು ಮರೆಯಲಿಲ್ಲ. ಪ್ರತಿ ವರ್ಷ ಕರೆದಿದ್ದೇವೆ, ಉಂಡಿ ಕಟ್ಟಿ ಕಳಿಸಿದ್ದೇವೆ. ಅಷ್ಟಕ್ಕೇ ನಾನು ಒಳ್ಳೆಯ ಅಣ್ಣ ಅಂದುಕೊಂಡಿದ್ದೆ. ಟಿಕೆಟ್ ತೆಗೆಸಿದ ಅಜ್ಜ ನಿಂತದ್ದು ತಪ್ಪು ಅಂತ ಮೂವತ್ತು ವರ್ಷ ಎಲ್ಲರಿಗೂ ಹೇಳಿದೆ. ತಂಗಿ ನಿಂತೇ ಇದ್ದದ್ದು ಕಾಣಲಿಲ್ಲ.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಎಲ್ಲಾ ಹೇಳಿದೆ. ಬಸ್ಸಿನ ಅಜ್ಜನ ಕಥೆ ಅವನಿಗೆ ಗೊತ್ತಿತ್ತು. ಕೈಚೀಲ ಇಟ್ಟಾಗ ನಾನು ಮುಂದೆ ಹೋಗಿಬಿಟ್ಟೆ ಅನ್ನುವುದು ಗೊತ್ತಿರಲಿಲ್ಲ. ಅದನ್ನು ನಾನು ಯಾವಾಗಲೂ ಬಿಟ್ಟು ಹೇಳುತ್ತಿದ್ದೆ. ಸಹಿಯ ವಿಷಯವೂ ಅವನಿಗೆ ಗೊತ್ತಿರಲಿಲ್ಲ. ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ "ಅಂದ್ರ ಈ ನಾಲ್ಕೂವರಿ ಎಕರೇದಾಗ ಒಂದೂವರಿ ಅತ್ತೀದು" ಅಂದ. ಲೆಕ್ಕ ಸರಿ ಇತ್ತು. ಕೊಡಬೇಕು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಮಲಗುವ ಮುಂಚೆ ಮೊಬೈಲಿನಲ್ಲಿ ಹೊಲದ ಉತಾರ (ಪಹಣಿ) ತೆಗೆದು ನೋಡುತ್ತಿದ್ದ.

ಅವನು ಬದಲಾದ ಅಂತ ನಾನು ಹೇಳುವುದಿಲ್ಲ. ನಿನ್ನೆಯೂ ಟಿವಿ ನೋಡುತ್ತಾ ಅದೇ ಪದ ಅಂದ. ಆದರೆ ನನ್ನ ಮುಖ ನೋಡಿದ.

ಮೇಡಂ, ಆ ಪತ್ರ ಆದ ಮೇಲೂ ನನ್ನ ಪಾಲಿನಿಂದ ತಂಗಿ ಹೆಸರಿಗೆ ಬರೆದುಕೊಡುವುದು ಹೇಗೆ, ಏನೇನು ಕಾಗದ ಬೇಕು ಅಂತ ತಿಳಿಸಿ. ತಮ್ಮನಿಗೆ ಫೋನ್ ಮಾಡಿದ್ದೆ. ವಿಷಯ ಹೇಳಿದ ಮೇಲೆ ಅವನು ಮತ್ತೆ ಎತ್ತಿಲ್ಲ. ಭಾನುವಾರ ತಂಗಿ ಊರಿಗೆ ಹೋಗುತ್ತಿದ್ದೇನೆ. ಬಸ್ಸಿಗೆ ಹೋಗುತ್ತೇನೆ ಅಂದೆ. ಮಗ ಗಾಡಿ ತೆಗೆಯುತ್ತೇನೆ ಅಂದಿದ್ದಾನೆ.